ಓದಿದ ಇಂಗ್ಲಿಷ್, ಆಡುವ ಇಂಗ್ಲಿಷ್: ವಿಜ್ಞಾನ ಅಧ್ಯಾಪಕರ ತರಬೇತಿ ಹೇಗೆ ನಡೆಯಬೇಕು

ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗ ಹೋಬಳಿಯ ಕನ್ನಡ ಶಾಲೆಯಲ್ಲಿ ಓದಿದ ಹುಡುಗಿ ಎಸ್ಸೆಸ್ಸೆಲ್ಸಿವರೆಗೆ ವೇಗೋತ್ಕರ್ಷ, ದ್ಯುತಿಸಂಶ್ಲೇಷಣೆ, ಸಾಂದ್ರತೆ ಎಂದು ಕಲಿತಿರುತ್ತಾಳೆ. ಪಿಯುಸಿಗೆ ಕಾಲಿಟ್ಟ ದಿನವೇ ಅವು ಆಕ್ಸಿಲರೇಷನ್, ಫೋಟೋಸಿಂಥೆಸಿಸ್, ಡೆನ್ಸಿಟಿ ಆಗುತ್ತವೆ. ಎರಡು ವರ್ಷ ಹೇಗೋ ದಾಟಿ ಚಿತ್ರದುರ್ಗದ ಸರ್ಕಾರಿ ವಿಜ್ಞಾನ ಕಾಲೇಜಿಗೋ ಹತ್ತಿರದ ಇನ್ನೊಂದು ಕಾಲೇಜಿಗೋ ಬಿಎಸ್ಸಿಗೆ ಸೇರುತ್ತಾಳೆ. ಪಠ್ಯಕ್ರಮ ಇಂಗ್ಲಿಷ್, ಪುಸ್ತಕ ಇಂಗ್ಲಿಷ್, ಪ್ರಶ್ನೆಪತ್ರಿಕೆ ಇಂಗ್ಲಿಷ್. ತರಗತಿಯೊಳಗೆ ನಡೆಯುವುದು ಮಾತ್ರ ಬೇರೆ.

ಅಧ್ಯಾಪಕರು ವ್ಯಾಖ್ಯೆಯನ್ನು ಇಂಗ್ಲಿಷ್‌ನಲ್ಲಿ ಬೋರ್ಡಿನ ಮೇಲೆ ಬರೆಯುತ್ತಾರೆ. 'ಅಂದ್ರೆ ಏನಪ್ಪಾ ಅಂದ್ರೆ' ಎಂದು ಕನ್ನಡಕ್ಕೆ ಇಳಿದು ವಿವರಿಸುತ್ತಾರೆ. ಆ ವಿವರಣೆ ಬಹಳ ಸಲ ಚೆನ್ನಾಗಿಯೇ ಇರುತ್ತದೆ, ಹುಡುಗರು ತಲೆಯಾಡಿಸುತ್ತಾರೆ. ಗಂಟೆ ಹೊಡೆಯುವ ಮುಂಚೆ ಒಂದಿಷ್ಟು ಹೊತ್ತು ಇಂಗ್ಲಿಷ್‌ನಲ್ಲಿ ನೋಟ್ಸ್ ಡಿಕ್ಟೇಟ್ ಮಾಡುತ್ತಾರೆ. ಹುಡುಗರು ಬರೆದುಕೊಳ್ಳುತ್ತಾರೆ, ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಇಳಿಸುತ್ತಾರೆ. ಅರ್ಥವಾದದ್ದು ಕನ್ನಡದಲ್ಲಿ, ಬರೆದದ್ದು ಇಂಗ್ಲಿಷ್‌ನಲ್ಲಿ. ಎರಡರ ನಡುವೆ ಸೇತುವೆ ಇಲ್ಲ. ಈ ಹುಡುಗಿ ಮೂರು ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿಯೂ ವಿಜ್ಞಾನದ ಒಂದು ಸಂಗತಿಯನ್ನು ಇಂಗ್ಲಿಷ್‌ನಲ್ಲಿ ತಾನಾಗಿ ಹೇಳಿದ್ದೇ ಇಲ್ಲ ಎಂಬಂತೆ ಹೊರಬರುತ್ತಾಳೆ. ಎಂಎಸ್ಸಿ ಸಂದರ್ಶನದಲ್ಲಿ, ಔಷಧ ಕಂಪನಿಯ ಕೆಲಸಕ್ಕೆ ಹೋದಾಗ ಅದು ಬಯಲಾಗುತ್ತದೆ.

ಇದಕ್ಕೆ ಪರಿಹಾರವೆಂದು ಯಾರಾದರೂ 'ಅಧ್ಯಾಪಕರಿಗೆ ಇಂಗ್ಲಿಷ್ ತರಬೇತಿ ಕೊಡಿಸಿ' ಎಂದರೆ ಸ್ಟಾಫ್ ರೂಮಿನಲ್ಲಿ ಮೊದಲು ಬರುವುದು ಸಿಟ್ಟು. ಸಿಟ್ಟಿಗೆ ಕಾರಣವೂ ಇದೆ. ಎಂಎಸ್ಸಿ ಇಂಗ್ಲಿಷ್‌ನಲ್ಲಿ ಮುಗಿಸಿದ್ದಾರೆ, ನೆಟ್ ಅಥವಾ ಕೆಸೆಟ್ ಪಾಸಾಗಿದ್ದಾರೆ, ಹಲವರು ಇಂಗ್ಲಿಷ್‌ನಲ್ಲೇ ಪ್ರಬಂಧ ಬರೆದು ಪಿಎಚ್‌ಡಿ ಪಡೆದಿದ್ದಾರೆ. ಅಂಥವರನ್ನು ಕೂರಿಸಿ ಟೆನ್ಸ್, ಪ್ರಿಪೊಸಿಷನ್ ಹೇಳಿಕೊಡುವ ಶಿಬಿರ ಮಾಡಿದರೆ ಅದು ಅವಮಾನ, ಉಪಯೋಗವೂ ಇಲ್ಲ. ಅವರಿಗೆ ಇಂಗ್ಲಿಷ್ ಬರುವುದಿಲ್ಲ ಎಂಬ ಮಾತೇ ತಪ್ಪು. ಅವರಿಗೆ ಬರುವುದು ಓದಿದ ಇಂಗ್ಲಿಷ್. ತರಗತಿಗೆ ಬೇಕಾದ್ದು ಆಡುವ ಇಂಗ್ಲಿಷ್. ಚಿತ್ರದುರ್ಗ ಜಿಲ್ಲೆಯ ಬಹುಪಾಲು ಅಧ್ಯಾಪಕರು ಆ ಹುಡುಗಿ ನಡೆದ ದಾರಿಯಲ್ಲೇ ನಡೆದು ಬಂದವರು. ವಿಜ್ಞಾನದ ಇಂಗ್ಲಿಷನ್ನು ಅವರು ಕಂಡದ್ದು ಅಚ್ಚಾದ ಪುಟದಲ್ಲಿ, ಕೇಳಿದ್ದು ಡಿಕ್ಟೇಷನ್‌ನಲ್ಲಿ. ಹಾಗಾಗಿ ಇಂಗ್ಲಿಷ್‌ನಲ್ಲಿ ಪಾಠ ಮಾಡಲು ನಿಂತಾಗ ಬಾಯಿಗೆ ಬರುವುದು ಪುಸ್ತಕದ ವಾಕ್ಯ. ಪುಸ್ತಕ ಓದಿ ಹೇಳಿದರೆ ಯಾರಿಗೆ ತಾನೆ ತಿಳಿದೀತು?

ಇನ್ನೊಂದು ಸಂಗತಿ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಹೈಸ್ಕೂಲು ಮೇಷ್ಟ್ರಾಗಲು ಬಿ.ಎಡ್. ಬೇಕು. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರಾಗಲು ಬೇಡ. ಪಾಠ ಮಾಡುವುದು ಹೇಗೆಂದು ಯಾರೂ ಹೇಳಿಕೊಡದೆಯೇ ಇವರನ್ನು ತರಗತಿಗೆ ಕಳಿಸಲಾಗುತ್ತದೆ. ಆಮೇಲೆ ಯುಜಿಸಿಯ ತರಬೇತಿಗಳಿವೆ, ನಿಜ. 1986ರ ಶಿಕ್ಷಣ ನೀತಿಯ ಬೆನ್ನಿಗೆ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಹುಟ್ಟಿದವು. ಅವೇ ಮುಂದೆ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾಗಿ, 2023ರಿಂದ ಮಾಳವೀಯ ಮಿಷನ್ ಶಿಕ್ಷಕರ ತರಬೇತಿ ಕೇಂದ್ರಗಳೆಂಬ ಹೆಸರು ಪಡೆದಿವೆ. ಅಲ್ಲಿ ಹೊಸಬರಿಗೆ ಒಂದು ತಿಂಗಳ ಇಂಡಕ್ಷನ್, ಹಳಬರಿಗೆ ಎರಡು ವಾರದ ರಿಫ್ರೆಶರ್ ನಡೆಯುತ್ತವೆ. ಇವು ಬಡ್ತಿಯ ಲೆಕ್ಕಕ್ಕೆ ಬರುವುದರಿಂದ ಕಾಯಂ ಅಧ್ಯಾಪಕರು ಹೋಗಿಬರುತ್ತಾರೆ. ಆದರೆ ತಾನೇ ಮಾಡುವ ಪಾಠವನ್ನು ಇನ್ನೊಬ್ಬರ ಮುಂದೆ ಇಂಗ್ಲಿಷ್‌ನಲ್ಲಿ ಮಾಡಿ ತಿದ್ದಿಸಿಕೊಳ್ಳುವ ಕೆಲಸ ಅಂಥ ಕೋರ್ಸುಗಳ ಮುಖ್ಯ ಉದ್ದೇಶವಲ್ಲ. ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ 1963ರಿಂದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ಅದು ತರಬೇತಿ ಕೊಡುವುದು ಮುಖ್ಯವಾಗಿ ಶಾಲೆಯ ಇಂಗ್ಲಿಷ್ ಮೇಷ್ಟ್ರುಗಳಿಗೆ. ರಸಾಯನಶಾಸ್ತ್ರದವರ ಇಂಗ್ಲಿಷ್ ಇಬ್ಬರ ಕಣ್ಣಿಗೂ ಬೀಳದೆ ನಡುವೆ ಉಳಿದಿದೆ.

ಹಾಗಾದರೆ ಸರಿಯಾದ ತರಬೇತಿ ಎಲ್ಲಿಂದ ಶುರುವಾಗಬೇಕು? ಪರೀಕ್ಷೆಯಿಂದ, ಆದರೆ ವ್ಯಾಕರಣದ ಪರೀಕ್ಷೆಯಿಂದಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯಕ್ಕೂ ಇದೇ ತಲೆನೋವು ಬಂದಿತ್ತು: ಡ್ಯಾನಿಷ್‌ನಲ್ಲಿ ಪಾಠ ಮಾಡುತ್ತಿದ್ದ ಪ್ರಾಧ್ಯಾಪಕರು ಇಂಗ್ಲಿಷ್‌ನಲ್ಲಿ ಮಾಡಬೇಕಾಯಿತು. ಅಲ್ಲಿ 'ಟೋಪಾಸ್' ಎಂಬ ಮೌಲ್ಯಮಾಪನ ರೂಪಿಸಿದರು. ಅಧ್ಯಾಪಕರು ತಮ್ಮದೇ ವಿಷಯದ ಚಿಕ್ಕದೊಂದು ಪಾಠವನ್ನು ಇಂಗ್ಲಿಷ್‌ನಲ್ಲಿ ಮಾಡಬೇಕು, ಕೇಳಿದ ಪ್ರಶ್ನೆಗಳಿಗೆ ಉತ್ತರಿಸಬೇಕು. ನೋಡುವವರು ಉಚ್ಚಾರ, ಶಬ್ದ ಸಂಪತ್ತು, ಮಾತಿನ ಓಟ, ವಿದ್ಯಾರ್ಥಿಯೊಂದಿಗಿನ ಮಾತುಕತೆ ಇವನ್ನು ಗಮನಿಸಿ ಅಂಕ ಕೊಡುತ್ತಾರೆ. ಜೊತೆಗೆ ಎಲ್ಲಿ ಸರಿಪಡಿಸಿಕೊಳ್ಳಬೇಕೆಂದು ಹೇಳಿಕೆ ಬರೆದುಕೊಡುತ್ತಾರೆ. ನಮ್ಮಲ್ಲಿ ಇದಕ್ಕೆ ದುಡ್ಡು ಖರ್ಚೇ ಇಲ್ಲ. ಖಾಲಿ ತರಗತಿ, ಸಹೋದ್ಯೋಗಿಗಳು ನಾಲ್ಕು ಮಂದಿ, ಒಂದು ಮೊಬೈಲ್ ಫೋನು. ಹತ್ತು ನಿಮಿಷ ರೆಕಾರ್ಡ್ ಮಾಡಿ ತಾವೇ ಕೇಳಿಸಿಕೊಂಡರೆ ಅರ್ಧ ರೋಗ ಅಲ್ಲೇ ಪತ್ತೆಯಾಗುತ್ತದೆ.

ಏನು ಪತ್ತೆಯಾಗುತ್ತದೆ ಎಂಬುದನ್ನು ಒಂದು ಪಾಠ ಹಿಡಿದೇ ನೋಡೋಣ. ದ್ರವದ ಒತ್ತಡ. ಪುಸ್ತಕವನ್ನೇ ನೆಚ್ಚಿದ ಅಧ್ಯಾಪಕರು ಹೀಗೆ ಆರಂಭಿಸುತ್ತಾರೆ: 'ಪ್ರೆಷರ್ ಈಸ್ ಡಿಫೈನ್ಡ್ ಆ್ಯಸ್ ದಿ ಫೋರ್ಸ್ ಆಕ್ಟಿಂಗ್ ನಾರ್ಮಲ್ ಟು ದಿ ಸರ್ಫೇಸ್ ಪರ್ ಯೂನಿಟ್ ಏರಿಯಾ.' ವಾಕ್ಯದಲ್ಲಿ ತಪ್ಪಿಲ್ಲ. ಆದರೆ ಕಿವಿಗೆ ಬಿದ್ದ ಕೂಡಲೇ ಅದು ಜಾರಿಹೋಗುತ್ತದೆ. ಅಷ್ಟರಲ್ಲಿ ಹುಡುಗರ ಮುಖ ನೋಡಿ ಅವರು ಕನ್ನಡಕ್ಕೆ ಹಾರುತ್ತಾರೆ. ತರಬೇತಿ ಪಡೆದವರು ಮಾಡುವುದು ಬೇರೆ. ಹಿರಿಯೂರಿನ ವಾಣಿವಿಲಾಸ ಸಾಗರವನ್ನು, ಅಂದರೆ ಮಾರಿಕಣಿವೆ ಅಣೆಕಟ್ಟನ್ನು, ಬೋರ್ಡಿನ ಮೇಲೆ ಎರಡು ಗೆರೆಯಲ್ಲಿ ಬರೆಯುತ್ತಾರೆ. 'ಯೂ ಆಲ್ ನೋ ಮಾರಿಕಣಿವೆ. ಲುಕ್ ಅಟ್ ದಿ ವಾಲ್. ಈಸ್ ಇಟ್ ಥಿಕರ್ ಅಟ್ ದಿ ಟಾಪ್, ಆರ್ ಅಟ್ ದಿ ಬಾಟಮ್?' ಉತ್ತರ ಒಂದೇ ಪದದಲ್ಲಿ ಬರುತ್ತದೆ, ಬರಲಿ. 'ಯೆಸ್, ಬಾಟಮ್. ವೈ? ಬಿಕಾಸ್ ದಿ ವಾಟರ್ ಪುಷಸ್ ಹಾರ್ಡರ್ ದೇರ್.' ಆಮೇಲೆ ಲೆಕ್ಕ: 130 ಅಡಿ ನೀರು ಎಂದರೆ ಸುಮಾರು 40 ಮೀಟರ್, ಸಾಂದ್ರತೆ 1000, ಗುರುತ್ವ 9.8, ಗುಣಿಸಿದರೆ ನಾಲ್ಕು ಲಕ್ಷ ಪಾಸ್ಕಲ್‌ಗೆ ಸ್ವಲ್ಪ ಕಡಿಮೆ. ಅಂದರೆ ನಾವು ಉಸಿರಾಡುವ ಗಾಳಿಯ ಒತ್ತಡದ ನಾಲ್ಕು ಪಟ್ಟಿಗೆ ಹತ್ತಿರ. 1907ರಲ್ಲಿ ಕಟ್ಟಿ ಮುಗಿಸಿದ ಆ ಕಲ್ಲುಗೋಡೆ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಇಡೀ ಜಿಲ್ಲೆಯೇ ನೋಡಲು ಹೋಗಿತ್ತು. ಉದಾಹರಣೆಯನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ. ವ್ಯಾಖ್ಯೆ ಕೊನೆಗೆ ಬರುತ್ತದೆ. ಆ ಹೊತ್ತಿಗೆ ಅದರ ಪ್ರತಿ ಪದಕ್ಕೂ ಹುಡುಗರ ತಲೆಯಲ್ಲಿ ಒಂದು ಜಾಗ ಸಿದ್ಧವಾಗಿರುತ್ತದೆ.

ಎರಡನೆಯ ಪಾಠದ ಇಂಗ್ಲಿಷ್ ಮೊದಲನೆಯದಕ್ಕಿಂತ ಸುಲಭ ಎಂಬುದನ್ನು ಗಮನಿಸಿ. ಗಿಡ್ಡ ವಾಕ್ಯಗಳು, ಪ್ರಶ್ನೆಗಳು, ದಿನಬಳಕೆಯ ಕ್ರಿಯಾಪದಗಳು. ಪುಸ್ತಕದ ಇಂಗ್ಲಿಷ್ ಕರ್ಮಣಿ ಪ್ರಯೋಗದಲ್ಲಿ ಓಡುತ್ತದೆ: ದ್ರಾವಣ ಕಾಯಿಸಲ್ಪಡುತ್ತದೆ, ಅವಕ್ಷೇಪ ಸೋಸಲ್ಪಡುತ್ತದೆ. ಕನ್ನಡದಲ್ಲಿ ಹಾಗೆ ಯಾರೂ ಮಾತಾಡುವುದಿಲ್ಲ. ಇಂಗ್ಲಿಷ್ ತಾಯ್ನುಡಿಯವರು ಕೂಡ ಬೋರ್ಡಿನ ಮುಂದೆ ನಿಂತಾಗ 'ವಿ ಹೀಟ್ ಇಟ್, ವಿ ಫಿಲ್ಟರ್ ಇಟ್' ಎನ್ನುತ್ತಾರೆ. ಪುಸ್ತಕದ ಒಂದು ಪುಟವನ್ನು ಹೀಗೆ ಆಡುಮಾತಿಗೆ ಇಳಿಸುವುದು ತರಬೇತಿಯ ಮೊದಲ ವಾರದ ಮನೆಗೆಲಸವಾಗಬೇಕು. ಉದಾಹರಣೆಗೆ, ಹಿರಿಯೂರು ತಾಲ್ಲೂಕಿನ ಮರಡಿಹಳ್ಳಿಯ ದಿಂಬು ಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಲಾವಾ ನೀರಿನಡಿ ಉಕ್ಕಿತು, ಹೊರಪದರ ತಟ್ಟನೆ ತಣ್ಣಗಾಯಿತು, ಒಳಗಿನದು ಸಿಪ್ಪೆ ಒಡೆದು ಹೊರಬಂತು, ಇನ್ನೊಂದು ದಿಂಬಾಯಿತು. ಇಷ್ಟನ್ನು ಆರು ಗಿಡ್ಡ ಇಂಗ್ಲಿಷ್ ವಾಕ್ಯಗಳಲ್ಲಿ, 'ಫಸ್ಟ್, ದೆನ್, ಬಿಕಾಸ್, ಸೋ' ಎಂಬ ನಾಲ್ಕೇ ಕೊಂಡಿಗಳಿಂದ ಹೇಳಿಸಿ ನೋಡಿ. ಇದನ್ನು ಸಲೀಸಾಗಿ ಹೇಳಬಲ್ಲವರು ಯಾವ ಪ್ರಕ್ರಿಯೆಯನ್ನಾದರೂ ವಿವರಿಸಬಲ್ಲರು.

ಇನ್ನು ಬಾಯಿಂದ ಹೊರಡುವ ಸದ್ದಿನ ಮಾತು. ಉಚ್ಚಾರ ಎಂದ ಕೂಡಲೇ ಬಿಬಿಸಿಯವರಂತೆ ಮಾತಾಡಬೇಕೆಂದು ತಿಳಿಯಬೇಕಾಗಿಲ್ಲ. ದುರ್ಗದ ಇಂಗ್ಲಿಷ್ ದುರ್ಗದ ಹುಡುಗರಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ಆದರೆ ವಿಜ್ಞಾನದಲ್ಲಿ ಕೆಲವು ಕಡೆ ಒಂದು ಸ್ವರ ತಪ್ಪಿದರೆ ವಸ್ತುವೇ ಬದಲಾಗುತ್ತದೆ. ಈಥೇನ್, ಈಥೀನ್, ಈಥೈನ್: ಇಂಗಾಲದ ಎರಡು ಪರಮಾಣುಗಳ ನಡುವೆ ಒಂದು ಬಂಧವೋ, ಎರಡೋ, ಮೂರೋ ಎಂಬುದು ಆ ಕೊನೆಯ ಸ್ವರದ ಮೇಲೆ ನಿಂತಿದೆ. ಸಲ್ಫೇಟ್, ಸಲ್ಫೈಟ್, ಸಲ್ಫೈಡ್ ಬೇರೆಬೇರೆ. ಮೈಟೋಸಿಸ್‌ನಲ್ಲಿ ವರ್ಣತಂತುಗಳ ಸಂಖ್ಯೆ ಹಾಗೇ ಉಳಿಯುತ್ತದೆ, ಮಿಯೋಸಿಸ್‌ನಲ್ಲಿ ಅರ್ಧವಾಗುತ್ತದೆ. ಮೋಲಾರಿಟಿಗೂ ಮೋಲಾಲಿಟಿಗೂ ಒಂದೇ ಅಕ್ಷರದ ಅಂತರ. ಅಡ್ಸಾರ್ಪ್ಷನ್ ಮೇಲ್ಮೈಯಲ್ಲಿ, ಅಬ್ಸಾರ್ಪ್ಷನ್ ಒಳಗೆ. ಹಿಂದಿನ ಬೆಂಚಿನಲ್ಲಿ ಕೂತವರಿಗೆ ಇವು ಒಂದೇ ಆಗಿ ಕೇಳಿಸುತ್ತವೆ. ಥರ್ಟೀನ್ ಮತ್ತು ಥರ್ಟಿ ಅಂತೂ ಭೌತಶಾಸ್ತ್ರದ ಲೆಕ್ಕಗಳಲ್ಲಿ ದಿನನಿತ್ಯದ ಅವಾಂತರ. ಪ್ರತಿ ವಿಭಾಗವೂ ತನ್ನ ಪಠ್ಯಕ್ರಮದಿಂದ ಇಂಥ ಜೋಡಿಗಳನ್ನು ಹೆಕ್ಕಿ ಪಟ್ಟಿ ಮಾಡಿಕೊಂಡು, ಪ್ರತಿ ಸಲ ಹೇಳುವಾಗ ಬೋರ್ಡಿನ ಮೇಲೂ ಬರೆಯುವ ಅಭ್ಯಾಸ ಬೆಳೆಸಿಕೊಂಡರೆ ಸಾಕು. ಉಳಿದ ಉಚ್ಚಾರದ ಗೊಡವೆ ಬೇಡ.

ಸೂತ್ರ ಓದುವುದೂ ಹಾಗೆಯೇ. 'ಎ ಪ್ಲಸ್ ಬಿ ಸ್ಕ್ವೇರ್' ಎಂದರೆ ಬಿಗೆ ಮಾತ್ರ ವರ್ಗವೋ, ಒಟ್ಟು ಮೊತ್ತಕ್ಕೋ? ಬೋರ್ಡ್ ನೋಡುತ್ತಿರುವವರಿಗೆ ಗೊತ್ತಾಗುತ್ತದೆ, ತಲೆ ತಗ್ಗಿಸಿ ಬರೆದುಕೊಳ್ಳುತ್ತಿರುವವರಿಗೆ ಗೊತ್ತಾಗುವುದಿಲ್ಲ. ಹಳೇ ಗಣಿತದ ಮೇಷ್ಟ್ರುಗಳು 'ದಿ ಹೋಲ್ ಸ್ಕ್ವೇರ್' ಎಂದು ಒತ್ತಿ ಹೇಳುತ್ತಿದ್ದುದು ಸುಮ್ಮನೆ ಅಲ್ಲ. 'ಬೈ', 'ಅಪಾನ್', 'ಓವರ್', 'ಇನ್‌ಟು' ಇವುಗಳಲ್ಲಿ ಒಂದೊಂದು ವಿಭಾಗದವರು ಒಂದೊಂದು ಬಳಸಿ ಹುಡುಗರನ್ನು ಗೊಂದಲಕ್ಕೆ ಕೆಡವುತ್ತಾರೆ. ಕಾಲೇಜಿನ ಎಲ್ಲರೂ ಕೂತು ಒಂದು ರೂಢಿ ಮಾಡಿಕೊಳ್ಳುವುದು ಅರ್ಧ ದಿನದ ಕೆಲಸ.

ಪಾರಿಭಾಷಿಕ ಪದಗಳು ಕಷ್ಟ ಎಂಬುದು ನಮ್ಮಲ್ಲಿ ಗಟ್ಟಿಯಾಗಿ ಕೂತಿರುವ ನಂಬಿಕೆ. ನಿಜವಾಗಿ ತೊಂದರೆ ಕೊಡುವವು ಅವಲ್ಲ. ಆಸ್ಮಾಸಿಸ್ ಎಂಬುದು ಹೊಸ ಪದವೆಂದು ಎಲ್ಲರಿಗೂ ಗೊತ್ತು. ಅಧ್ಯಾಪಕರು ನಿಂತು ವಿವರಿಸುತ್ತಾರೆ. ನೆಗ್ಲಿಜಿಬಲ್, ವಾಲಟೈಲ್, ರಾಂಡಮ್, ಕಾಂಟ್ರಾಸ್ಟ್ ಇವು ಗೊತ್ತಿವೆ ಎಂದುಕೊಂಡು ದಾಟಿಬಿಡುತ್ತಾರೆ. ಗ್ಲಾಸ್ಗೋದ ಅಲೆಕ್ಸ್ ಜಾನ್‌ಸ್ಟೋನ್ ಮತ್ತು ಅವರ ಸಹೋದ್ಯೋಗಿ ಕ್ಯಾಸಲ್ಸ್ ಇದನ್ನೇ ಅಧ್ಯಯನ ಮಾಡಿ, ಇಂಗ್ಲಿಷ್ ಮನೆಮಾತಿನ ಮಕ್ಕಳು ಕೂಡ ವಿಜ್ಞಾನದ ಸಂದರ್ಭದಲ್ಲಿ ಇಂಥ ಸಾಮಾನ್ಯ ಪದಗಳಲ್ಲೇ ಎಡವುತ್ತಾರೆಂದು ತೋರಿಸಿದರು. ಆ ಕೆಲಸ 1985ರಲ್ಲಿ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಯಿಂದ ಪುಸ್ತಕವಾಗಿ ಬಂತು. ಮನೆಮಾತಿನವರ ಪಾಡೇ ಹೀಗಿದ್ದರೆ ನಮ್ಮ ಹುಡುಗರದ್ದೇನು? ಇವುಗಳಿಗಿಂತ ಒಂದು ಕೈ ಮೇಲು 'ಅನ್‌ಲೆಸ್', 'ವೇರ್‌ಆ್ಯಸ್', 'ಪ್ರೊವೈಡೆಡ್ ದಟ್', 'ವಿತ್ ರೆಸ್ಪೆಕ್ಟ್ ಟು'. ಬಾಯ್ಲ್‌ನ ನಿಯಮದಲ್ಲಿ 'ತಾಪ ಬದಲಾಗದಿದ್ದರೆ' ಎಂಬ ಷರತ್ತು ತಪ್ಪಿಹೋದರೆ ನಿಯಮವೇ ಇಲ್ಲ. ಆ ಷರತ್ತು ಇರುವುದು ಇಂಥ ಪುಟ್ಟ ಪದಗಳಲ್ಲಿ.

ನೋಟ್ಸಿನ ವಿಚಾರಕ್ಕೆ ಬಂದರೆ, ಸ್ವೀಡನ್ನಿನಲ್ಲಿ ಜಾನ್ ಏರಿ ಭೌತಶಾಸ್ತ್ರದ ವಿದ್ಯಾರ್ಥಿಗಳು ಸ್ವೀಡಿಷ್‌ನಲ್ಲೂ ಇಂಗ್ಲಿಷ್‌ನಲ್ಲೂ ಪಾಠ ಕೇಳುವ ರೀತಿಯನ್ನು ಹೋಲಿಸಿ ನೋಡಿದರು. ಭಾಷೆಯಿಂದ ಏನೂ ವ್ಯತ್ಯಾಸವಿಲ್ಲ ಎಂದೇ ವಿದ್ಯಾರ್ಥಿಗಳು ಮೊದಲು ಹೇಳಿದ್ದು. ತರಗತಿಯ ದೃಶ್ಯಗಳನ್ನು ಅವರಿಗೇ ತೋರಿಸಿ ಕೇಳಿದಾಗ ಬೇರೆ ಚಿತ್ರ ಬಂತು: ಇಂಗ್ಲಿಷ್ ಪಾಠದಲ್ಲಿ ಪ್ರಶ್ನೆ ಕೇಳುವುದೂ ಉತ್ತರಿಸುವುದೂ ಕಡಿಮೆಯಾಗಿತ್ತು, ನೋಟ್ಸ್ ಬರೆಯುತ್ತಿದ್ದವರಿಗೆ ಪಾಠದ ಎಳೆ ಕೈತಪ್ಪುತ್ತಿತ್ತು. ಬರೆಯುವುದು, ಕೇಳುವುದು ಎರಡೂ ಒಟ್ಟಿಗೆ ಆಗುವುದಿಲ್ಲ. ಆದ್ದರಿಂದ ನಮ್ಮ ಡಿಕ್ಟೇಷನ್ ಪದ್ಧತಿಯನ್ನು ಬಿಡದೆ ಇಂಗ್ಲಿಷ್ ಬೋಧನೆ ಸುಧಾರಿಸುವುದು ಆಗದ ಮಾತು. ನೋಟ್ಸನ್ನು ಹಿಂದಿನ ದಿನವೇ ಜೆರಾಕ್ಸ್ ಮಾಡಿ ಕೊಡಿ, ವಾಟ್ಸಾಪಿನಲ್ಲಿ ಕಳಿಸಿ. ತರಗತಿಯಲ್ಲಿ ಪೆನ್ನು ಕೆಳಗಿಡಿಸಿ. ಡಿಕ್ಟೇಷನ್ನಿನಿಂದ ಉಳಿದ ಹೊತ್ತು ಹುಡುಗರ ಬಾಯಿ ತೆರೆಸಲು ಸಿಗುತ್ತದೆ.

ಬಾಯಿ ತೆರೆಸುವುದಕ್ಕೂ ಒಂದು ವಿದ್ಯೆ ಇದೆ. ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ತರಗತಿಗಳನ್ನು ಧ್ವನಿಮುದ್ರಿಸಿ ಅಳೆದರು. ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡ್ ಕಾಯುತ್ತಿದ್ದರು, ಆಮೇಲೆ ತಾವೇ ಉತ್ತರ ಹೇಳುತ್ತಿದ್ದರು ಅಥವಾ ಇನ್ನೊಬ್ಬರಿಗೆ ಕೇಳುತ್ತಿದ್ದರು. ಮೂರು ಸೆಕೆಂಡ್ ಕಾದರೆ ಉತ್ತರಗಳು ಉದ್ದವಾದವು, ಸುಮ್ಮನಿದ್ದವರೂ ಮಾತಾಡಿದರು. ಬಿ.ದುರ್ಗದ ಹುಡುಗಿ ಪ್ರಶ್ನೆಯನ್ನು ಕನ್ನಡಕ್ಕೆ ತಂದುಕೊಂಡು, ಉತ್ತರ ಯೋಚಿಸಿ, ಮತ್ತೆ ಇಂಗ್ಲಿಷ್‌ಗೆ ಒಯ್ಯಬೇಕು. ಅವಳಿಗೆ ಮೂರು ಸಾಲದು, ಹತ್ತು ಬೇಕು. ಹತ್ತು ಸೆಕೆಂಡಿನ ಮೌನವನ್ನು ಬೋರ್ಡಿನ ಮುಂದೆ ನಿಂತು ಸಹಿಸುವುದು ಸುಲಭವಲ್ಲ; ಅದನ್ನೂ ತರಬೇತಿಯಲ್ಲಿ ಅಭ್ಯಾಸ ಮಾಡಬೇಕು. ಉತ್ತರ ಮುರುಕು ಇಂಗ್ಲಿಷ್‌ನಲ್ಲಿ ಬಂದರೆ ವ್ಯಾಕರಣ ತಿದ್ದಬಾರದು. ಅದೇ ಮಾತನ್ನು ಸರಿಯಾದ ವಾಕ್ಯದಲ್ಲಿ ಮರಳಿ ಹೇಳಿ ಮುಂದೆ ಹೋದರೆ ಅವಳಿಗೆ ನಾಚಿಕೆಯೂ ಆಗುವುದಿಲ್ಲ, ಕಿವಿಗೆ ಸರಿಯಾದ ರೂಪವೂ ಬಿದ್ದಿರುತ್ತದೆ.

ನನ್ನನ್ನು ಕೇಳಿದರೆ ಇಂಗ್ಲಿಷ್ ಬೋಧನೆ ಶುರುವಾಗಬೇಕಾದ್ದು ಲೆಕ್ಚರ್ ಹಾಲಿನಲ್ಲಲ್ಲ, ಲ್ಯಾಬಿನಲ್ಲಿ. ಅಲ್ಲಿ ವಾಕ್ಯಗಳು ಗಿಡ್ಡ, ಹೆಚ್ಚಿನವು ಆಜ್ಞೆಗಳು, ವಸ್ತು ಕೈಯಲ್ಲೇ ಇರುತ್ತದೆ. 'ರಿನ್ಸ್ ದಿ ಬ್ಯುರೆಟ್ ವಿತ್ ದಿ ಸೊಲ್ಯೂಷನ್.' 'ರೀಡ್ ದಿ ಲೋವರ್ ಮೆನಿಸ್ಕಸ್.' 'ಆ್ಯಡ್ ಡ್ರಾಪ್ ಬೈ ಡ್ರಾಪ್.' 'ಸ್ಟಾಪ್ ವೆನ್ ದಿ ಪಿಂಕ್ ಸ್ಟೇಸ್.' ಅಧ್ಯಾಪಕರು ಹೇಳುತ್ತಾ ಮಾಡಿ ತೋರಿಸುತ್ತಾರೆ. ಅನುವಾದ ಬೇಕಾಗುವುದೇ ಇಲ್ಲ. ಫಿನಾಫ್ತಲೀನ್ ಹಾಕಿದ ಆಮ್ಲ ತಿಳಿಗುಲಾಬಿಯಾಗಿ ನಿಂತಾಗ 'ವೈ ಡಿಡ್ ಯೂ ಸ್ಟಾಪ್?' ಎಂದು ಕೇಳಿದರೆ 'ಕಲರ್ ಸ್ಟೇಡ್ ಸಾರ್' ಎಂಬ ಉತ್ತರವಾದರೂ ಬಂದೇ ಬರುತ್ತದೆ. ಅಷ್ಟೇ ಸಾಕು, ಮೊದಲ ವಾಕ್ಯ ಬಂತು. ಪ್ರಾಕ್ಟಿಕಲ್ ಅವಧಿ ಉದ್ದ, ಗುಂಪು ಚಿಕ್ಕದು, ಉಳಿದವರ ಮುಂದೆ ನಗೆಪಾಟಲಾಗುವ ಭಯ ಕಡಿಮೆ, ಅಧ್ಯಾಪಕರಿಗೂ ಅಷ್ಟೆ. ಮೊದಲ ಸೆಮಿಸ್ಟರ್ ಇಡೀ ಲ್ಯಾಬಿನಲ್ಲಿ ಮಾತ್ರ ಇಂಗ್ಲಿಷ್ ಆಡಿ, ಎರಡನೆಯದರಲ್ಲಿ ಲೆಕ್ಚರಿಗೆ ತಂದರೆ ಯಾರಿಗೂ ಭಾರವಾಗುವುದಿಲ್ಲ. ವೈವಾ ಎಂದರೆ ನಡುಗುವುದೂ ತಪ್ಪುತ್ತದೆ.

ಕನ್ನಡವನ್ನು ಹಾಗಾದರೆ ಏನು ಮಾಡುವುದು? ಹೊರಗೆ ನಿಲ್ಲಿಸುವುದಂತೂ ಸಲ್ಲ. ಪಾಠ ತಿಳಿಯದೆ ಇಂಗ್ಲಿಷ್ ಮಾತ್ರ ಕೇಳಿಸಿಕೊಂಡವರಿಗೆ ವಿಜ್ಞಾನವೂ ಇಲ್ಲ, ಇಂಗ್ಲಿಷೂ ಇಲ್ಲ. ಈಗಿರುವ ದೋಷ ಕನ್ನಡ ಬಳಸುವುದಲ್ಲ, ಲೆಕ್ಕವಿಲ್ಲದೆ ಬಳಸುವುದು: ಇಂಗ್ಲಿಷ್ ಕೈಕೊಟ್ಟ ಕಡೆ ಕನ್ನಡಕ್ಕೆ ಜಿಗಿಯುವುದರಿಂದ ಕಠಿಣ ಭಾಗ ಇಂಗ್ಲಿಷ್‌ನಲ್ಲಿ ಯಾವತ್ತೂ ಬರುವುದೇ ಇಲ್ಲ. ವೇಲ್ಸ್‌ನಲ್ಲಿ ಕೆನ್ ವಿಲಿಯಮ್ಸ್ ವೆಲ್ಷ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲ ಮಕ್ಕಳಿಗಾಗಿ 1990ರ ದಶಕದಲ್ಲಿ ಒಂದು ಕ್ರಮ ಹೇಳಿದರು: ಒಂದು ಭಾಷೆಯಲ್ಲಿ ಓದಿಸಿ, ಇನ್ನೊಂದರಲ್ಲಿ ಹೇಳಿಸು. ಅದನ್ನು ಇಲ್ಲಿಗೆ ತಂದುಕೊಳ್ಳಬಹುದು. ಅಧ್ಯಾಪಕರು ಇಂಗ್ಲಿಷ್‌ನಲ್ಲಿ ವಿವರಿಸಲಿ. ನಡುವೆ ನಿಲ್ಲಿಸಿ, ಪಕ್ಕದವರಿಗೆ ಕನ್ನಡದಲ್ಲಿ ಹೇಳಿ ಎನ್ನಲಿ. ಎರಡು ನಿಮಿಷ ತರಗತಿಯೆಲ್ಲ ಗದ್ದಲವಾಗಲಿ. ಆಮೇಲೆ ಒಬ್ಬರು ಎದ್ದು ಅದನ್ನೇ ಇಂಗ್ಲಿಷ್‌ನಲ್ಲಿ ಹೇಳಲಿ. ಕನ್ನಡದಲ್ಲಿ ಮಾತಾಡುವ ಕೆಲಸ ವಿದ್ಯಾರ್ಥಿಯದು, ಇಂಗ್ಲಿಷ್‌ನಲ್ಲಿ ವಿವರಿಸುವ ಕೆಲಸ ಅಧ್ಯಾಪಕರದು. ಈಗ ನಡೆಯುತ್ತಿರುವುದಕ್ಕೆ ಇದು ತದ್ವಿರುದ್ಧ.

ಕನ್ನಡದಲ್ಲಿ ವಿಜ್ಞಾನ ಆಗುವುದಿಲ್ಲ ಎಂದು ಯಾರೂ ಇದನ್ನು ಓದಿಕೊಳ್ಳಬಾರದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಇಂಗ್ಲಿಷ್‌ನಲ್ಲಿ ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ, ನಂಗಪುರಂ ವೆಂಕಟೇಶಯ್ಯಂಗಾರ್ಯರ ಜೊತೆಗೂಡಿ, 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. 1956ರಿಂದ 60ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಕುವೆಂಪು ಉನ್ನತ ಶಿಕ್ಷಣವೂ ಕನ್ನಡದಲ್ಲೇ ಆಗಬೇಕೆಂದು ಪಟ್ಟು ಹಿಡಿದರು. ಅವರ ಹೆಸರಿನ ವಿಶ್ವವಿದ್ಯಾಲಯದಡಿಯಲ್ಲೇ 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಆಗುವವರೆಗೂ ಚಿತ್ರದುರ್ಗದ ಕಾಲೇಜುಗಳಿದ್ದವು. ಬಿಎಸ್ಸಿ ಮಾತ್ರ ಇಂಗ್ಲಿಷ್‌ನಲ್ಲೇ ನಡೆಯಿತು. ಪಕ್ಕದ ಹೈದರಾಬಾದಿನ ಕಥೆ ಇನ್ನೂ ದೊಡ್ಡದು. ಬೀದರ್, ಕಲಬುರಗಿ, ರಾಯಚೂರಿನ ಕನ್ನಡಿಗರೂ ಓದಲು ಹೋಗುತ್ತಿದ್ದ ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಹುಟ್ಟಿದ್ದು ಉರ್ದು ಮಾಧ್ಯಮದಲ್ಲಿ; ಮುಂದೆ ವಿಜ್ಞಾನ, ವೈದ್ಯ ಎಲ್ಲವೂ ಅಲ್ಲಿ ಉರ್ದುವಿನಲ್ಲೇ ನಡೆದವು. ಪುಸ್ತಕ ಅನುವಾದಿಸಲು ಪ್ರತ್ಯೇಕ ಇಲಾಖೆಯೇ ಇತ್ತು. 1948ರ ನಂತರ ಅಲ್ಲಿಗೂ ಇಂಗ್ಲಿಷ್ ಬಂತು. ಮಾಧ್ಯಮ ಆದೇಶದಿಂದ ಬದಲಾಗುತ್ತದೆ. ಅಧ್ಯಾಪಕರ ನಾಲಿಗೆ ಆದೇಶದಿಂದ ಬದಲಾಗುವುದಿಲ್ಲ. ಮಲೇಷ್ಯಾ 2003ರಲ್ಲಿ ಶಾಲೆಗಳ ಗಣಿತ, ವಿಜ್ಞಾನವನ್ನು ಇಂಗ್ಲಿಷ್‌ಗೆ ತಿರುಗಿಸಿ, ಶಿಕ್ಷಕರಿಗೆ ಲ್ಯಾಪ್‌ಟಾಪು, ಪ್ರೊಜೆಕ್ಟರು, ಅವಸರದ ತರಬೇತಿ ಎಲ್ಲ ಕೊಟ್ಟಿತು. 2009ರಲ್ಲಿ ಸರ್ಕಾರ ತಾನೇ ಹಿಂದೆ ಸರಿಯಿತು.

ಹಾಗಾಗಿ ಅವಸರ ಬೇಡ, ದೂರದ ಊರಿನ ಒಂದು ವಾರದ ಶಿಬಿರವೂ ಸಾಲದು. ಜಿಲ್ಲೆಯಲ್ಲೇ ಒಂದು ಒಳ್ಳೆಯ ಮಾದರಿ ಇದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಅಲ್ಲಿನ ಪ್ರತಿಭಾ ಅಭಿವೃದ್ಧಿ ಕೇಂದ್ರ ವರ್ಷಗಳಿಂದ ವಿಜ್ಞಾನ, ಗಣಿತದ ಶಿಕ್ಷಕರನ್ನು ಕರೆಸಿ, ವಸತಿ ಕೊಟ್ಟು, ಪ್ರಯೋಗ ಮಾಡಿಸಿ ಕಲಿಸುತ್ತಿದೆ. ಅದು ಇಂಗ್ಲಿಷ್ ತರಬೇತಿಯಲ್ಲ, ವಿಷಯದ ತರಬೇತಿ. ಆದರೆ ಕೈಯಲ್ಲಿ ಉಪಕರಣ ಹಿಡಿದವರನ್ನು ಮಾತಾಡಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಸಿಗದು. ದಾವಣಗೆರೆ ವಿಶ್ವವಿದ್ಯಾಲಯವೂ ಕಾಲೇಜು ಶಿಕ್ಷಣ ಇಲಾಖೆಯೂ ಕೂಡಿ ಅಂಥ ಜಾಗದಲ್ಲಿ ಸೆಮಿಸ್ಟರ್ ಶುರುವಾಗುವ ಮುನ್ನ ನಾಲ್ಕೈದು ದಿನ ಕೂರಿಸಿ, ಆಮೇಲೆ ಹದಿನೈದು ದಿನಕ್ಕೊಮ್ಮೆ ಅವರವರ ಕಾಲೇಜಿನಲ್ಲೇ ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು ನೋಡುವ ಏರ್ಪಾಡು ಮಾಡಬಹುದು. ಕಲಿಸುವವರು ಇಬ್ಬರಿರಬೇಕು: ಒಬ್ಬರು ಅದೇ ವಿಷಯದ ಹಿರಿಯರು, ಒಬ್ಬರು ಇಂಗ್ಲಿಷ್ ವಿಭಾಗದವರು. ಇಂಗ್ಲಿಷಿನವರನ್ನಷ್ಟೇ ಬಿಟ್ಟರೆ ಅವರು ಶೇಕ್ಸ್‌ಪಿಯರ್ ಕಡೆಗೋ ಆರ್ಟಿಕಲ್‌ಗಳ ಕಡೆಗೋ ಎಳೆಯುತ್ತಾರೆ, ವಿಜ್ಞಾನದವರನ್ನಷ್ಟೇ ಬಿಟ್ಟರೆ ಸಮೀಕರಣದಲ್ಲಿ ಮುಳುಗುತ್ತಾರೆ. ಹಿರಿಯರಿಗೆ ಕಿರಿಯರ ಮುಂದೆ ತಪ್ಪು ಇಂಗ್ಲಿಷ್ ಆಡುವ ಸಂಕೋಚ ದೊಡ್ಡದು. ಅದಕ್ಕೇ ನೋಡಲು ಬಂದವರ ಟಿಪ್ಪಣಿ ಪ್ರಾಂಶುಪಾಲರ ಮೇಜಿಗೆ ಹೋಗಬಾರದು, ಬಡ್ತಿಗೂ ಅದಕ್ಕೂ ನಂಟಿರಬಾರದು.

ಅತಿಥಿ ಉಪನ್ಯಾಸಕರನ್ನು ಬಿಟ್ಟು ಮಾಡಿದರೆ ಇದೆಲ್ಲ ಅರ್ಧ ಕೆಲಸ. ಸರ್ಕಾರಿ ಪದವಿ ಕಾಲೇಜುಗಳ ಪಾಠದ ದೊಡ್ಡ ಹೊರೆ ಅವರ ಹೆಗಲ ಮೇಲಿದೆ. ತರಬೇತಿಗೆ ಹೋದ ದಿನದ ಗೌರವಧನ ಕಳೆಯದಿದ್ದರೆ ಮಾತ್ರ ಅವರು ಬರಬಲ್ಲರು.

2019ರಲ್ಲಿ ರಾಜ್ಯ ಸರ್ಕಾರ 1000 ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಆ ಮಕ್ಕಳು ಪದವಿ ಕಾಲೇಜಿನ ಮೆಟ್ಟಿಲು ಹತ್ತುವುದು 2031ರಲ್ಲಿ. ಅಲ್ಲಿಯವರೆಗೂ, ಆಮೇಲೂ ಬಹುಕಾಲ, ಬಿಎಸ್ಸಿ ತರಗತಿಯಲ್ಲಿ ಕನ್ನಡ ಶಾಲೆಯಿಂದ ಬಂದವರೂ ಇದ್ದೇ ಇರುತ್ತಾರೆ. ವಿಭಾಗದ ಮುಖ್ಯಸ್ಥರಾಗಿರುವವರು ಈ ಲೇಖನ ಓದುತ್ತಿದ್ದರೆ ಸರ್ಕಾರದ ಸುತ್ತೋಲೆಗೆ ಕಾಯಬೇಡಿ. ಮುಂದಿನ ಸೆಮಿಸ್ಟರಿನ ಮೊದಲ ಪ್ರಾಕ್ಟಿಕಲ್ ಯಾವುದೆಂದು ನೋಡಿ, ಅದಕ್ಕೆ ಬೇಕಾದ ಇಪ್ಪತ್ತು ಇಂಗ್ಲಿಷ್ ವಾಕ್ಯಗಳನ್ನು ಸಹೋದ್ಯೋಗಿಗಳ ಜೊತೆ ಕೂತು ಬರೆದು, ಒಮ್ಮೆ ಗಟ್ಟಿಯಾಗಿ ಹೇಳಿಕೊಂಡು ಲ್ಯಾಬಿಗೆ ಹೋಗಿ.